ಹಳೆಯ ಕಾರು, ಬಿಸಿ ರಕ್ತ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಮೊದಲು ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ. ಬಾಯಿ ಕೂಡಿದೆಯೆ, ಹೆಗಲು ಕಂದಿದೆಯೆ ಎಂದು ಪರೀಕ್ಷಿಸಿ, ನಾಲ್ಕು ಹೆಜ್ಜೆ ನಡೆಸಿ, ಅನಂತರವೇ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರಕ್ಕೆ ನಿಲ್ಲುತ್ತಾನೆ. ಅವನ ಮಗನಾದರೋ ಬೆಂಗಳೂರಿನಲ್ಲಿ ನೌಕರಿ ಹಿಡಿದು, ಕೂಡಿಟ್ಟ ಐದಾರು ಲಕ್ಷ ರೂಪಾಯಿಗಳಿಗೆ ಒಂದು ಹಳೆಯ ಕಾರನ್ನು ಮೊಬೈಲಿನ ಚಿತ್ರದಲ್ಲಿಯೇ ನೋಡಿ, ಅದರ ಕೆಂಪು ಬಣ್ಣಕ್ಕೆ ಮರುಳಾಗಿ, ಮುಂಗಡ ಕಳಿಸಿಬಿಡುತ್ತಾನೆ. ಕಾಲದ ಮಹಿಮೆ!

ಅದೂ ಸಾಧುವಾದ ಕಾರಾದರೆ ಚಿಂತೆಯಿರಲಿಲ್ಲ. ಇಂದಿನ ತರುಣರ ಕಣ್ಣು ಬೀಳುವುದು ‘ಹಾಟ್ ಹ್ಯಾಚ್’ ಎಂಬ ಜಾತಿಯ ಮೇಲೆ. ನೋಡಲು ಮನೆಮಂದಿಯ ಪುಟ್ಟ ಕಾರು. ಹುಡಿನೊಳಗೆ ಮಾತ್ರ ಓಟದ ಕುದುರೆಯ ಎದೆ. ಫೋಕ್ಸ್‌ವ್ಯಾಗನ್ ಸಂಸ್ಥೆ 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಗಾಲ್ಫ್ ಜಿಟಿಐ ಕಾರನ್ನು ಮುಂದಿಟ್ಟ ಮೇಲೆ ಈ ಜಾತಿ ಲೋಕಪ್ರಸಿದ್ಧವಾಯಿತು. ನಮ್ಮ ದೇಶಕ್ಕೆ 2013ರಲ್ಲಿ ಪೋಲೋ ಜಿಟಿ ಟಿಎಸ್‌ಐ ಬಂದಿತು. 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2017ರಲ್ಲಿ ಬಲೆನೊ ಆರ್‌ಎಸ್, 2018ರಲ್ಲಿ ಟಿಯಾಗೊ ಜೆಟಿಪಿ. ಇವುಗಳಲ್ಲಿ ಯಾವುದೂ ಇಂದು ಹೊಸದಾಗಿ ದೊರೆಯದು. ಆದ್ದರಿಂದಲೇ ಹಳೆಯವಕ್ಕೆ ಇಷ್ಟು ಬೇಡಿಕೆ. ಬೇಡಿಕೆಯಿದ್ದಲ್ಲಿ ಬಣ್ಣ ಬಳಿಯುವವರೂ ಉಂಟು.

ತರುಣನ ಊರು ಕೊಡೇಕಲ್ ಎಂದಿಟ್ಟುಕೊಳ್ಳೋಣ. ಯಾದಗಿರಿ ಜಿಲ್ಲೆಯಲ್ಲಿ, ನಾರಾಯಣಪುರದ ಜಲಾಶಯಕ್ಕೆ ಹತ್ತಿರವಿರುವ, ಕಾಲಜ್ಞಾನದ ಬಸವಣ್ಣನ ಕೊಡೇಕಲ್. ಬೆಂಗಳೂರಿನಿಂದ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಈ ಕಾರಿನಲ್ಲಿಯೇ ಊರು ಸೇರಬೇಕು. ರಾತ್ರಿ ತಾಯಿಗೆ ಅಸ್ವಸ್ಥವಾದರೆ ಇದರಲ್ಲಿಯೇ ಕಲಬುರಗಿಗೆ ಧಾವಿಸಬೇಕು. ಸುರಪುರ, ಶಹಾಪುರಗಳ ಮೇಸ್ತ್ರಿಗಳು ಟ್ರ್ಯಾಕ್ಟರು, ಜೀಪುಗಳ ನಾಡಿ ಬಲ್ಲವರು. ಅವರ ಕೈಗುಣವನ್ನು ಹಳಿಯುವವನು ನಾನಲ್ಲ. ಆದರೆ ಟರ್ಬೊ ಎಂಜಿನ್ನಿನ ವಿದ್ಯುತ್ ಮಿದುಳು ಮುನಿಸಿಕೊಂಡರೆ ಅದನ್ನು ಒಲಿಸುವ ಯಂತ್ರ ಹಳ್ಳಿಯ ಗ್ಯಾರೇಜಿನಲ್ಲಿ ಎಲ್ಲಿಂದ ಬರಬೇಕು? ಕಾರನ್ನು ಲಾರಿಯ ಮೇಲೇರಿಸಿ ದೊಡ್ಡ ಊರಿಗೆ ಸಾಗಿಸುವ ವೆಚ್ಚವನ್ನೂ ಬೆಲೆಯೊಳಗೇ ಎಣಿಸಬೇಕು.

ಇನ್ನು ಬಿಸಿಲು. ಬೇಸಗೆಯಲ್ಲಿ ಈ ಸೀಮೆಯ ತಾಪ 40 ಡಿಗ್ರಿ ದಾಟುವುದು ವಾಡಿಕೆ. ಪೋಲೋ ಜಿಟಿ ಟಿಎಸ್‌ಐ ಕಾರಿನಲ್ಲಿ ಏಳು ಗೇರುಗಳ ಡಿಎಸ್‌ಜಿ ಪೆಟ್ಟಿಗೆಯುಂಟು. ಒಣ ಕ್ಲಚ್ಚುಗಳೆರಡು ಒಂದಾದ ಮೇಲೊಂದರಂತೆ ಕೆಲಸ ಮಾಡುತ್ತವೆ. ಹೆದ್ದಾರಿಯಲ್ಲಿ ಅದರ ನಯ ಹೇಳತೀರದು. ಆದರೆ ಇದೇ ಬಗೆಯ ಪೆಟ್ಟಿಗೆಗಳಿಗೆ ಬಿಸಿ ಮತ್ತು ತೇವದ ಹವೆಯಲ್ಲಿ ತೊಂದರೆಯುಂಟಾಗುವುದೆಂದು ತಯಾರಕರೇ 2013ರಲ್ಲಿ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿ ಎಣ್ಣೆ ಬದಲಿಸಿದರು. ಆದ್ದರಿಂದ ಪರೀಕ್ಷೆಗೆ ಖಾಲಿ ರಸ್ತೆ ಬೇಡ. ಮಧ್ಯಾಹ್ನದ ಸಂತೆಯ ಬೀದಿಯೇ ಆಗಬೇಕು. ಅರ್ಧ ಗಂಟೆ ಇರುವೆಯ ವೇಗದಲ್ಲಿ ನಡೆಸಿರಿ. ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ಕಾರು ನಡುಗಿದರೆ, ಹಿಂದಕ್ಕೆ ತೆಗೆಯುವಾಗ ಜಗ್ಗಿದರೆ, ಆ ವ್ಯಾಪಾರವನ್ನು ಅಲ್ಲಿಯೇ ಬಿಡುವುದು ಕ್ಷೇಮ.

ಎಂಜಿನ್ನನ್ನು ತಣ್ಣಗಿರುವಾಗಲೇ ಹಚ್ಚಬೇಕು. ನೀವು ಬರುವ ಮುನ್ನವೇ ಮಾರುವವನು ಕಾರನ್ನು ಬಿಸಿಮಾಡಿ ನಿಲ್ಲಿಸಿದ್ದರೆ ಸಂದೇಹಪಡಿರಿ. ಹುಡಿನ ಮೇಲೆ ಅಂಗೈಯಿಟ್ಟರೆ ನಿಜ ತಿಳಿಯುವುದು. ಹಚ್ಚಿದೊಡನೆ ಸರಪಣಿ ಕುಲುಕಿದಂಥ ಸದ್ದು ಬಂದರೆ ಕಿವಿ ನಿಮಿರಲಿ. ಆರಂಭದ 1.2 ಟಿಎಸ್‌ಐ ಎಂಜಿನ್ನುಗಳ ಟೈಮಿಂಗ್ ಸರಪಣಿ ಹಿಗ್ಗುವುದೆಂಬ ದೂರು ಯುರೋಪಿನಲ್ಲಿ ಬಹಳ ಕೇಳಿಬಂದಿತ್ತು. ವೇಗ ಹೆಚ್ಚಿಸಿದಾಗ ನೀಲಿ ಹೊಗೆ ಕಂಡರೆ ಟರ್ಬೊ ಎಣ್ಣೆ ಕುಡಿಯುತ್ತಿರಬಹುದು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದುಂಟು. ಎಂಜಿನ್ನಿನ ಕಂಪ್ಯೂಟರಿನ ಲೆಕ್ಕ ತಿದ್ದಿ ಹೆಚ್ಚು ಶಕ್ತಿ ಹಿಂಡುವ ‘ರೀಮ್ಯಾಪ್’ ಈ ಕಾರುಗಳ ಒಡೆಯರಿಗೆ ಒಂದು ಗೀಳು. ಮಾರುವ ಮುನ್ನ ಹಳೆಯ ಲೆಕ್ಕವನ್ನೇ ಮರಳಿ ತುಂಬುತ್ತಾರೆ. ಲೆಕ್ಕ ಮರಳಿತು, ಕ್ಲಚ್ಚು, ಟರ್ಬೊಗಳ ಆಯುಸ್ಸು ಮರಳೀತೆ? ಒಬಿಡಿ ಯಂತ್ರವನ್ನು ಚುಚ್ಚಿ ನೋಡಿರಿ. ಕಾರು ತನ್ನನ್ನು ತಾನೇ ತಪಾಸಣೆ ಮಾಡಿಕೊಂಡ ದಾಖಲೆಗಳು ಅಪೂರ್ಣವೆಂದು ತೋರಿದರೆ ದೋಷಗಳನ್ನು ಇತ್ತೀಚೆಗೆ ಯಾರೋ ಅಳಿಸಿರುವ ಸಂಭವವುಂಟು. ವಾಹನದ ಮೂಲ ರೂಪವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಎತ್ತಿ ಹೇಳಿದೆ. ತಿಳಿಸದೆ ಮಾಡಿದ ಬದಲಾವಣೆಯ ನೆಪದಲ್ಲಿ ವಿಮೆಯವರು ಪರಿಹಾರ ನಿರಾಕರಿಸಲೂಬಹುದು.

ಎತ್ತಿನ ಹಲ್ಲಿಗೆ ಸಮಾನವಾದದ್ದು ಕಾರಿನ ಕಿಲೋಮೀಟರ್ ಅಂಕಿ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಹಲ್ಲು ಮರಳಿ ಹುಟ್ಟದು. ಅಂಕಿಯನ್ನು ಹಿಂದಕ್ಕೆ ತಿರುಗಿಸುವವರು ಪೇಟೆಯಲ್ಲಿ ಹೇರಳ. ಸರ್ವೀಸಿನ ದಾಖಲೆಯೊಡನೆ ತಾಳೆ ನೋಡಿರಿ. ಬ್ರೇಕ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಚರ್ಮ, ಚಾಲಕನ ಆಸನದ ಅಂಚು ಎಷ್ಟು ಸವೆದಿವೆ ನೋಡಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಕಾರು ಓಡಿದ್ದು ಹದಿನೈದು ಸಾವಿರವೇ ಎಂದು ಹೇಳಿ, ನಾಲ್ಕು ಟೈರುಗಳೂ ಬದಲಾಗಿದ್ದರೆ ಪ್ರಶ್ನೆ ಕೇಳುವ ಹಕ್ಕು ನಿಮಗುಂಟು.

ಯಾದಗಿರಿಯ ಕಡೆಗೆ ಹೈದರಾಬಾದಿನ ಕಾರುಗಳು ಬರುವುದು ಸಹಜ, ಬೆಲೆಯೂ ಹಗುರ. 2020ರ ಅಕ್ಟೋಬರಿನಲ್ಲಿ ಆ ನಗರ ಮಳೆಯಲ್ಲಿ ಮುಳುಗಿದುದನ್ನು ಮರೆಯಬೇಡಿರಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದರೆ ಕೊನೆಯಲ್ಲಿ ಕೆಸರಿನ ಗೆರೆ ಕಾಣುವುದು. ಹೆಚ್ಚುವರಿ ಚಕ್ರವಿಡುವ ಗುಂಡಿಯಲ್ಲಿ ತುಕ್ಕು ಕಾಣುವುದು. ಸುಗಂಧದ ಡಬ್ಬಿಯನ್ನು ತೂಗುಹಾಕಿದ್ದರೆ ಅದನ್ನು ಹೊರಗಿಟ್ಟು ಹತ್ತು ನಿಮಿಷ ಕಾದು ಮೂಸಿ ನೋಡಿರಿ. ಹೊರರಾಜ್ಯದ ಕಾರಿಗೆ ನಿರಾಕ್ಷೇಪಣ ಪತ್ರ ಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿರಿಸಿದರೆ ಇಲ್ಲಿನ ನೋಂದಣಿ ಮಾಡಿಸಿ ಕರ್ನಾಟಕದ ಆಜೀವ ತೆರಿಗೆಯನ್ನೂ ತೆರಬೇಕು. ಹಗುರವೆಂದು ಕೊಂಡದ್ದು ಇಲ್ಲಿಯೇ ಭಾರವಾಗುವುದು.

ಕೊನೆಗೆ ಕಾಗದಪತ್ರ. ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರದೊಡನೆ 35ನೆಯ ನಮೂನೆ ಬೇಕು. ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು. ಬಾಕಿ ದಂಡಗಳನ್ನು ಸಾರಿಗೆ ಇಲಾಖೆಯ ಜಾಲತಾಣದಲ್ಲಿ ವಾಹನದ ಸಂಖ್ಯೆ ಹಾಕಿ ನೋಡಬಹುದು. ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು 14 ದಿನಗಳಲ್ಲಿ ತಿಳಿಸಬೇಕು, ಕೊಂಡವನು 30 ದಿನಗಳಲ್ಲಿ. ಹೆಸರು ಬದಲಾಗುವ ತನಕ ಅಪಘಾತದ ಹೊಣೆ ಹಳೆಯ ಒಡೆಯನ ಮೇಲೆಯೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪಿತ್ತಿದೆ. ಆದುದರಿಂದ ಪ್ರಾಮಾಣಿಕನಾದ ಮಾರಾಟಗಾರ ತಾನೇ ಅವಸರಪಡಿಸುತ್ತಾನೆ. “ನಿಧಾನವಾಗಿ ಮಾಡಿಸಿಕೊಳ್ಳಿ” ಎನ್ನುವವನ ಹೆಸರು ನೋಂದಣಿ ಪತ್ರದಲ್ಲಿ ಇದೆಯೇ ಎಂದು ಮೊದಲು ನೋಡಿರಿ. ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಬರೆಸಿಕೊಳ್ಳಬೇಕು. ಹಳೆಯ ಒಡೆಯನ ನೋ ಕ್ಲೇಮ್ ಬೋನಸ್ ಅವನೊಡನೆಯೇ ಹೋಗುವುದರಿಂದ ಆ ವ್ಯತ್ಯಾಸದ ಹಣವನ್ನು ಬೇರೆಯಾಗಿ ತೆಗೆದಿರಿಸಿರಿ.