ಲ್ಯಾವೆಂಡರ್: ಪರಿಮಳವೂ ಪ್ರಮಾಣವೂ

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ಹಳೆಯ ಗಾದೆ. ಅದಕ್ಕೆ ಇನ್ನೊಂದು ಮುಖವೂ ಉಂಟು: ದೂರದೇಶದ ಗಿಡವೆಂದರೆ ಎಲ್ಲ ರೋಗಕ್ಕೂ ಮದ್ದೆಂದು ನಂಬಿಬಿಡುವುದು. ಪುಟ್ಟ ಸೀಸೆಗಳಲ್ಲಿ ಮಾರಾಟವಾಗುವ ಲ್ಯಾವೆಂಡರ್ ತೈಲಕ್ಕೆ ಇಂತಹ ಕೀರ್ತಿ ಬಂದಿದೆ. ನಿದ್ರಾಹೀನತೆ, ತಲೆನೋವು, ಸುಟ್ಟ ಗಾಯ, ಮನಸ್ಸಿನ ಕಳವಳ, ಎಲ್ಲಕ್ಕೂ ಅದೊಂದೇ ಸಾಕೆನ್ನುವವರುಂಟು. ಈ ಕೀರ್ತಿಯಲ್ಲಿ ದಿಟವೆಷ್ಟು, ಅಪಾಯವೆಷ್ಟು ಎಂಬುದನ್ನು ನಾವು ವಿಚಾರಮಾಡೋಣ.

ಲ್ಯಾವೆಂಡರ್ ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣಬೆಟ್ಟಗಳ ಗಿಡ. ನಮ್ಮ ತುಳಸಿ, ಪುದೀನ, ದೊಡ್ಡಪತ್ರೆಗಳೂ ಇದರ ಕುಟುಂಬಕ್ಕೇ ಸೇರಿದವು. ಇದರ ಹೂವನ್ನು ಹಬೆಯಲ್ಲಿ ಬಟ್ಟಿಯಿಳಿಸಿದರೆ ತೈಲವು ದೊರೆಯುವುದು. ಲಿನಲೂಲ್, ಲಿನಲಿಲ್ ಅಸಿಟೇಟ್ ಎಂಬೆರಡು ದ್ರವ್ಯಗಳು ಅದರಲ್ಲಿ ಮುಖ್ಯವಾದುವು. ಆದರೆ ಲ್ಯಾವೆಂಡರ್ ಎಂಬ ಒಂದೇ ಹೆಸರಿನಲ್ಲಿ ಹಲವು ಜಾತಿಗಳು ಅಡಗಿವೆ. ಯುನಾನಿ ಹಕೀಮರ ಉಸ್ತುಖುದ್ದೂಸ್ ಸಹ ಈ ವರ್ಗದ ಬೇರೊಂದು ಜಾತಿ. ಅದರಲ್ಲಿ ಕರ್ಪೂರದ ಅಂಶವು ಹೆಚ್ಚು. ಆದುದರಿಂದ ಒಂದರ ಗುಣವನ್ನು ಮತ್ತೊಂದಕ್ಕೆ ಆರೋಪಿಸಲಾಗದು.

ಈ ತೈಲದ ಆಧುನಿಕ ಪ್ರಸಿದ್ಧಿಗೆ ಫ್ರಾನ್ಸಿನ ರಸಾಯನಜ್ಞ ರೆನೆ ಮೋರಿಸ್ ಗಾಟ್‌ಫೊಸೆ ಕಾರಣ. 1910ರಲ್ಲಿ ಆತನ ಪ್ರಯೋಗಶಾಲೆಯಲ್ಲಿ ಸ್ಫೋಟವಾಗಿ ಕೈಗಳು ಸುಟ್ಟುವು. ಗಾಯ ಕೊಳೆಯತೊಡಗಿದಾಗ ಲ್ಯಾವೆಂಡರ್ ತೈಲದಿಂದ ತೊಳೆದು ಗುಣ ಕಂಡೆನೆಂದು ಆತನು ಬರೆದನು. 1937ರಲ್ಲಿ ಅರೋಮಾಥೆರಪಿ ಎಂಬ ಹೆಸರಿನ ಗ್ರಂಥವನ್ನೂ ಪ್ರಕಟಿಸಿದನು. ಕಥೆ ಸ್ವಾರಸ್ಯವಾದುದು. ಆದರೆ ಒಬ್ಬನ ಗಾಯ ಮಾಗಿತೆಂದ ಮಾತ್ರಕ್ಕೆ ಅದು ಎಲ್ಲರ ಚಿಕಿತ್ಸೆಯಾಗದು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವು ಜರ್ಮನಿಯಿಂದ ಬಂದಿದೆ. 2010ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಳವಳದ ರೋಗವಿದ್ದ 77 ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ದಿನವೂ 80 ಮಿಲಿಗ್ರಾಂ ಲ್ಯಾವೆಂಡರ್ ತೈಲದ ಗುಳಿಗೆಯನ್ನೂ, ಮತ್ತೊಂದಕ್ಕೆ ಲೊರಾಜೆಪಾಮ್ ಎಂಬ ಔಷಧವನ್ನೂ ಕೊಟ್ಟರು. ಆರು ವಾರಗಳ ಬಳಿಕ ಎರಡೂ ಪಂಗಡಗಳ ಉಪಶಮನವು ಹೆಚ್ಚುಕಡಮೆ ಸಮನಾಗಿದ್ದಿತು. ಆದರೆ ಪರೀಕ್ಷೆ ಚಿಕ್ಕದು. ಔಷಧದ ಪ್ರಮಾಣವೂ ಅಲ್ಪವಾಗಿದ್ದಿತು. ನಿಷ್ಕ್ರಿಯ ಗುಳಿಗೆ ಪಡೆದ ಮೂರನೆಯ ಪಂಗಡವೊಂದು ಹೋಲಿಕೆಗೆ ಇರಲಿಲ್ಲ. ಯೂರೋಪಿನ ಔಷಧ ಸಂಸ್ಥೆಯು ಅಲ್ಪ ಮಾನಸಿಕ ಒತ್ತಡಕ್ಕೂ ನಿದ್ರೆಗೂ ಲ್ಯಾವೆಂಡರನ್ನು ಒಪ್ಪಿದೆಯಾದರೂ, ಆ ಒಪ್ಪಿಗೆಗೆ ಬಹುಕಾಲದ ಬಳಕೆಯೇ ಆಧಾರವೆಂದು ಸ್ಪಷ್ಟಪಡಿಸಿದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಸೂಚಿಸುವುದಿಲ್ಲ.

ಇಲ್ಲಿ ಶ್ರೋತೃಗಳು ಒಂದು ಭೇದವನ್ನು ಗಮನಿಸಬೇಕು. ಪರೀಕ್ಷೆಗೊಳಗಾದುದು ಅಳತೆಮಾಡಿದ ಗುಳಿಗೆ. ಸುಗಂಧಕ್ಕಾಗಿ ಕೊಂಡ ಸೀಸೆಯಲ್ಲ. ಒಣಹೂವಿನ ಕಷಾಯ, ದಿಂಬಿನ ಬಳಿಯ ಪರಿಮಳ, ಗುಳಿಗೆ, ಬಟ್ಟಿಯಿಳಿಸಿದ ತೈಲ, ಇವು ನಾಲ್ಕೂ ಬೇರೆ ಬೇರೆ. ಸೀಸೆಯ ತೈಲ ಬಹು ಸಾಂದ್ರವಾದುದು. ಮಗುವು ಅದನ್ನು ಸ್ವಲ್ಪ ಕುಡಿದರೂ ಮಂಪರು, ತೂರಾಟ, ಉಸಿರಿನ ತೊಂದರೆ ಉಂಟಾಗಬಹುದು. ಆಗ ಬಲವಂತದಿಂದ ವಾಂತಿ ಮಾಡಿಸಲಾಗದು, ತೈಲವು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ತೈಲವನ್ನು ಹಸಿಯಾಗಿ ಚರ್ಮಕ್ಕೆ ಹಚ್ಚುವುದೂ ಸಲ್ಲದು. ಗಾಳಿಗೆ ತೆರೆದಿಟ್ಟರೆ ಲಿನಲೂಲ್ ಆಮ್ಲಜನಕದೊಡನೆ ಬೆರೆತು, ತುರಿಕೆ ಮತ್ತು ದದ್ದುಗಳನ್ನು ಉಂಟುಮಾಡುವ ದ್ರವ್ಯಗಳಾಗಿ ಮಾರ್ಪಡುವುದು. ಹಳೆಯ ಸೀಸೆ ಹೆಚ್ಚು ಅಪಾಯಕರವಾಗುವುದು ಇದರಿಂದಲೇ. 2007ರಲ್ಲಿ ಅಮೆರಿಕದ ವೈದ್ಯರು ಮೂವರು ಬಾಲಕರಲ್ಲಿ ಸ್ತನದ ಬೆಳವಣಿಗೆಯನ್ನು ಕಂಡು ಇಂತಹ ತೈಲಗಳುಳ್ಳ ಲೇಪನಗಳನ್ನು ಶಂಕಿಸಿದರು. ಆ ಸಂಬಂಧವು ಇನ್ನೂ ಸಿದ್ಧವಾಗಿಲ್ಲ. ನಿದ್ರೆಯ ಮಾತ್ರೆ ಸೇವಿಸುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಲ್ಯಾವೆಂಡರನ್ನು ಔಷಧವಾಗಿ ಸೇವಿಸಬಾರದು.

ಹಾಗಾದರೆ ಲ್ಯಾವೆಂಡರನ್ನು ತೊರೆಯಬೇಕೆ? ಬೇಕಿಲ್ಲ. ದಣಿದ ಸಂಜೆ ಅದರ ಪರಿಮಳವು ಹಿತವೆನಿಸಿದರೆ ಸವಿಯೋಣ. ಆದರೆ ವಾರಗಟ್ಟಲೆ ನಿದ್ರೆ ಬಾರದವರ, ಕಾರಣವಿಲ್ಲದೆ ಕುಗ್ಗಿದವರ ಕೈಗೆ ಸೀಸೆಯೊಂದನ್ನಿತ್ತು ಕರ್ತವ್ಯ ಮುಗಿಯಿತೆಂದು ಭಾವಿಸಬಾರದು. ಅಂತಹವರಿಗೆ ವೈದ್ಯನ ನೆರವು ಬೇಕು. ಸುಗಂಧವನ್ನು ನಂಬಿ ಅದನ್ನು ಮುಂದೂಡಿದರೆ, ತೈಲವು ತಾನಾಗಿ ಮಾಡದ ಕೇಡನ್ನು ವಿಳಂಬವು ಮಾಡೀತು.