ಸರ್ವೇಯರ್ ಪರವಾನಗಿಯ ಮೇಲೆ ಶಿಸ್ತು ಕ್ರಮ: ಪಾಲಿಸಿದಾರರು ಅರಿಯಬೇಕಾದ ಅಂಶಗಳು

ಗೋದಾಮಿಗೆ ಬೆಂಕಿ ಬಿದ್ದಾಗ ಅಥವಾ ಮಳೆನೀರು ನುಗ್ಗಿ ದಾಸ್ತಾನು ಕೆಟ್ಟಾಗ ವಿಮಾ ಕಂಪನಿಯ ನೇಮಕದ ಮೇರೆಗೆ ಸ್ಥಳಕ್ಕೆ ಬರುವವರು ಸರ್ವೇಯರ್ ಹಾಗೂ ನಷ್ಟ ನಿರ್ಧಾರಕರು. ಕ್ಲೇಮಿನ ಮೊತ್ತವು ಬಹುಮಟ್ಟಿಗೆ ಇವರ ವರದಿಯನ್ನೇ ಅವಲಂಬಿಸುತ್ತದೆ. ಆದುದರಿಂದಲೇ ವರದಿ ಪ್ರತಿಕೂಲವಾದೊಡನೆ ‘ಇವರ ಲೈಸೆನ್ಸ್ ರದ್ದುಪಡಿಸಲು ಸಾಧ್ಯವಿಲ್ಲವೇ?’ ಎಂದು ವರ್ತಕರು ಕೇಳುವುದುಂಟು. ಸಾಧ್ಯವಿದೆ, ಆದರೆ ಅದಕ್ಕೆ ಆಧಾರ ಬೇರೆ, ಫಲವೂ ಬೇರೆ.

1938ರ ವಿಮಾ ಕಾಯಿದೆಯ 64ಯುಎಂ ಕಲಮಿನ ಪ್ರಕಾರ ಸರ್ವೇಯರ್ ವೃತ್ತಿಗೆ ಪರವಾನಗಿ ಕಡ್ಡಾಯ. ಅದನ್ನು ನೀಡುವ ಅಧಿಕಾರ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ್ದು. ಅಮೆರಿಕದ ಹಲವು ರಾಜ್ಯಗಳಲ್ಲಿ ಪಾಲಿಸಿದಾರನ ಪರವಾಗಿಯೇ ಕ್ಲೇಮು ನಡೆಸುವ ‘ಪಬ್ಲಿಕ್ ಅಡ್ಜಸ್ಟರ್’ಗಳಿಗೆ ಪ್ರತ್ಯೇಕ ಪರವಾನಗಿ ಇದೆ, ನಮ್ಮ ಕಾಯಿದೆಯಲ್ಲಿ ಅಂತಹ ವರ್ಗವಿಲ್ಲ. ನಮ್ಮಲ್ಲಿ ಶುಲ್ಕ ಕೊಡುವುದು ಕಂಪನಿಯೇ ಆದರೂ ಸರ್ವೇಯರ್ ಸ್ವತಂತ್ರವಾಗಿ ವರ್ತಿಸಬೇಕೆಂಬುದು ಕಾನೂನಿನ ನಿರೀಕ್ಷೆ. ಈ ನಿರೀಕ್ಷೆ ಎಲ್ಲ ಸಂದರ್ಭಗಳಲ್ಲಿ ಈಡೇರುತ್ತದೆಯೆಂದು ಹೇಳುವ ಧೈರ್ಯ ನನಗಿಲ್ಲ.

2000ದ ನಿಯಮಗಳು ಹಾಗೂ ಅವುಗಳ ಸ್ಥಾನದಲ್ಲಿ ಬಂದ 2015ರ ನಿಯಮಗಳು ಸರ್ವೇಯರುಗಳಿಗೆ ನೀತಿ ಸಂಹಿತೆಯನ್ನು ವಿಧಿಸಿವೆ. ಆಸ್ತಿಯಲ್ಲಿ ತನಗಾಗಲಿ ತನ್ನ ಬಂಧುಗಳಿಗಾಗಲಿ ಹಿತಾಸಕ್ತಿ ಇದ್ದಲ್ಲಿ ಪ್ರಕಟಿಸಬೇಕು. ತನಗೆ ಪರಿಣತಿಯಿಲ್ಲದ ಕೆಲಸವನ್ನು ಒಪ್ಪಿಕೊಳ್ಳಬಾರದು. ನಷ್ಟದ ಕಾರಣ ಮತ್ತು ಪ್ರಮಾಣವನ್ನು ಪರಿಶೀಲಿಸಬೇಕು, ಕ್ಲೇಮು ಪಾಲಿಸಿಯ ವ್ಯಾಪ್ತಿಗೆ ಬಾರದಿದ್ದರೆ ಕಾರಣ ನೀಡಬೇಕು, ಕೆಲಸದ ರಿಜಿಸ್ಟರ್ ಇಡಬೇಕು. ಇವುಗಳನ್ನು ಉಲ್ಲಂಘಿಸಿದವರ, ಸುಳ್ಳು ಅಥವಾ ವಂಚನೆಯ ವರದಿ ನೀಡಿದವರ ಪರವಾನಗಿಯನ್ನು, ಅವರ ಅಹವಾಲು ಕೇಳಿದ ನಂತರ, ಪ್ರಾಧಿಕಾರವು ರದ್ದುಪಡಿಸಬಹುದು. 2015ರ ತಿದ್ದುಪಡಿಯ ನಂತರ ಪ್ರಾಧಿಕಾರದ ಆದೇಶದ ಮೇಲಿನ ಮೇಲ್ಮನವಿ ಸೆಕ್ಯುರಿಟೀಸ್ ಅಪೀಲು ನ್ಯಾಯಮಂಡಳಿಗೆ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೊತ್ತ ಕಡಿಮೆಯಾಯಿತು ಎಂಬುದಷ್ಟೇ ದುರ್ನಡತೆಯಲ್ಲ. 50 ಲಕ್ಷ ರೂಪಾಯಿ ಮೌಲ್ಯದ ದಾಸ್ತಾನಿಗೆ 30 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿ, 10 ಲಕ್ಷದ ನಷ್ಟವಾದರೆ, ಸರಾಸರಿ ಷರತ್ತಿನಂತೆ ದೊರೆಯುವುದು 6 ಲಕ್ಷ. ಬ್ಯಾಂಕಿಗೆ ಸಲ್ಲಿಸಿದ ದಾಸ್ತಾನು ಪಟ್ಟಿಗೂ ಲೆಕ್ಕಪುಸ್ತಕಕ್ಕೂ ತಾಳೆಯಾಗದಿದ್ದಾಗ ಸರ್ವೇಯರ್ ಪ್ರಶ್ನಿಸುವುದು ಅವರ ಕರ್ತವ್ಯ. (ಈ ಎರಡು ಪಟ್ಟಿಗಳು ಏಕೆ ಭಿನ್ನವಾಗಿರುತ್ತವೆ ಎಂಬುದನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ!) ಸ್ಥಳಕ್ಕೇ ಬಾರದೆ ವರದಿ ಬರೆದದ್ದು, ಸಲ್ಲಿಸಿದ ದಾಖಲೆಗಳನ್ನು ಕಾರಣವಿಲ್ಲದೆ ಕಡೆಗಣಿಸಿದ್ದು, ಹಣ ಕೇಳಿದ್ದು ದೂರಿಗೆ ಯೋಗ್ಯವಾದ ವಿಷಯಗಳು.

ಪರವಾನಗಿ ರದ್ದಾದ ಮಾತ್ರಕ್ಕೆ ಕ್ಲೇಮಿನ ಹಣ ಕೈಸೇರುವುದಿಲ್ಲ. ಅದಕ್ಕೆ ಬೇರೆ ದಾರಿ ಹಿಡಿಯಬೇಕು. ಏಕಮಾಲೀಕತ್ವದ ಸಂಸ್ಥೆಗಳು ಮತ್ತು ಸೂಕ್ಷ್ಮ ಉದ್ಯಮಗಳು ಮೊದಲು ಕಂಪನಿಗೆ ಬರೆದು, ಪರಿಹಾರ ದೊರೆಯದಿದ್ದರೆ ವಿಮಾ ಓಂಬುಡ್ಸ್‌ಮನ್‌ರ ಮೊರೆಹೋಗಬಹುದು. ಪರಿಹಾರದ ಮಿತಿಯನ್ನು 2023ರಲ್ಲಿ 30 ಲಕ್ಷದಿಂದ 50 ಲಕ್ಷಕ್ಕೆ ಏರಿಸಲಾಯಿತು. ವಾಣಿಜ್ಯ ಸಂಸ್ಥೆಯೂ ತನ್ನ ವಿಮೆಯ ಮಟ್ಟಿಗೆ ಗ್ರಾಹಕನಾಗಬಲ್ಲದು ಎಂದು ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿದಿರುವುದರಿಂದ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ನೀತಿ ಸಂಹಿತೆಯು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಸರ್ವೇಯರ್ ವರದಿ ಅಂತಿಮ ವಾಕ್ಯವಲ್ಲವೆಂದು ಪ್ರದೀಪ್ ಕುಮಾರ್ ಪ್ರಕರಣದಲ್ಲಿ (2009) ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ತನಗೆ ಬೇಕಾದ ವರದಿ ಬರುವವರೆಗೆ ಕಂಪನಿಯು ಒಬ್ಬರ ನಂತರ ಒಬ್ಬರನ್ನು ನೇಮಿಸುವಂತಿಲ್ಲವೆಂದು ಅದೇ ವರ್ಷ ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ ತೀರ್ಪಾಯಿತು. ಆದರೆ 2021ರ ಖಟೀಮಾ ಫೈಬರ್ಸ್ ತೀರ್ಪು ನಮ್ಮ ಉತ್ಸಾಹಕ್ಕೆ ಮಿತಿ ಹಾಕಿದೆ: ಸರ್ವೇಯರ್ ನಿಯಮಗಳ ಪ್ರಕಾರ ನಡೆದಿದ್ದು, ವರದಿ ಮನಬಂದಂತೆ ಬರೆದದ್ದಲ್ಲವಾದರೆ, ಗ್ರಾಹಕ ಆಯೋಗವು ಅದನ್ನು ಮೀರಿ ಹೋಗುವಂತಿಲ್ಲ. ಬೆಂಕಿಯಲ್ಲಿ ದಾಸ್ತಾನು ಕಳೆದುಕೊಂಡಿದ್ದ ಆ ಕಾಗದ ಕಾರ್ಖಾನೆಗೆ ಹೆಚ್ಚಿನ ಪರಿಹಾರ ದೊರೆಯಲಿಲ್ಲ.

ಆದ್ದರಿಂದ ಸರ್ವೇಯರ್ ಬಂದ ದಿನಾಂಕ, ಕೇಳಿದ ದಾಖಲೆ, ಕೊಟ್ಟದ್ದಕ್ಕೆ ಸ್ವೀಕೃತಿ ಇವನ್ನು ಮೊದಲ ದಿನದಿಂದಲೇ ಬರೆದಿಟ್ಟುಕೊಳ್ಳಿರಿ. ವರದಿಯ ಪ್ರತಿಯನ್ನು ಕಂಪನಿಯಿಂದ ಲಿಖಿತವಾಗಿ ಕೇಳಿರಿ. ‘ಪೂರ್ಣ ಮತ್ತು ಅಂತಿಮ’ ಎಂಬ ಒಕ್ಕಣೆಯಿರುವ ವೋಚರಿಗೆ ಸಹಿ ಹಾಕುವ ಮುನ್ನ ಆ ಪ್ರತಿಯನ್ನು ನಿಮ್ಮ ಲೆಕ್ಕ ಪರಿಶೋಧಕರಿಗೆ ತೋರಿಸಿರಿ.