ಪರಸಿಗೆ ಮೆರುಗಿಗಿಂತ ಇಳಿಜಾರು ಮುಖ್ಯ

ನಮ್ಮದು ಚಿತ್ತಾಪುರ ಸೀಮೆಯ ಎರೆಭೂಮಿ. ಮಳೆ ನಂಬಿದ ತೊಗರಿ, ಜೋಳ. ಶಹಾಬಾದ್ ಕಲ್ಲಿನ ಗಣಿಗಳು ಹತ್ತಿರ ಇರುವುದರಿಂದ ಇಲ್ಲಿ ಸಣ್ಣ ರೈತರ ಅಂಗಳದಲ್ಲೂ ಪರಸಿ ಕಾಣುತ್ತದೆ. ಕಾಳು ಒಣಗಿಸುವುದು, ಬೇಸಿಗೆಯಲ್ಲಿ ಮಲಗುವುದು ಎಲ್ಲ ಅದರ ಮೇಲೇ.

ಮೂರು ವರ್ಷದ ಹಿಂದೆ ಆರು ಚೀಲ ತೊಗರಿ ಮಾರಿದ ದುಡ್ಡಲ್ಲಿ ಹೊಸ ಪರಸಿ ಹಾಕಿಸಿದೆ. 'ಹೊಳಪು ಬರ್ತದ, ನೀರು ಹಿಡಿಯಂಗಿಲ್ಲ' ಅಂತ ಯಾರೋ ಹೇಳಿದ್ದಕ್ಕೆ ಶ್ರಾವಣದಲ್ಲೇ ಮೆರುಗಿನ ಎಣ್ಣೆ ಬಳಿಸಿದೆ. ಕಲ್ಲಿನ್ನೂ ಹಸಿ ಇತ್ತು. ಸಂಕ್ರಾಂತಿ ಹೊತ್ತಿಗೆ ಬಿಳಿ ಉಪ್ಪು ಮೂಡಿ, ಕಲ್ಲು ಹಪ್ಪಳದಂತೆ ಪದರು ಪದರಾಗಿ ಎದ್ದಿತು. ಬಿಳುಪು ತೆಗೆಯಲು ಆಸಿಡ್ ಹಾಕಿದೆ. ಬುರುಬುರು ನೊರೆ ಬಂದು ಕಲ್ಲೇ ತಿಂದು ಹೋಯಿತು. ಮುಂದಿನ ಮಳೆಗಾಲ ಅದೇ ಮೆರುಗಿನ ಮೇಲೆ ಅವ್ವ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು.

ತಪ್ಪಾದದ್ದೆಲ್ಲಿ?

ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆಸಿಡ್ ಅಷ್ಟೇ ಅಲ್ಲ, ಲಿಂಬೆಹುಳಿ, ಹುಣಸೆಹುಳಿಯೂ ಅದಕ್ಕೆ ಆಗದು. ನೆಲದ ತೇವ ಕಲ್ಲಿನ ಮೂಲಕ ಮೇಲೆ ಬಂದು ಆರಬೇಕು. ಮೇಲೆ ಬಾಯಿ ಕಟ್ಟಿದರೆ ತೇವದ ಜತೆ ಬಂದ ಉಪ್ಪು ಒಳಗೇ ಹರಳಾಗಿ ಪದರು ಎಬ್ಬಿಸುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಕಲ್ಲು ಅಲುಗಾಡುವುದು ಬೇರೆ.

ಈಗ ಮಾಡಿದ್ದು

ಕಲ್ಲೆಲ್ಲ ಎಬ್ಬಿಸಿದೆ. ಒಂದಡಿ ಎರೆಮಣ್ಣು ತೆಗೆದು ಮರಂ ತುಂಬಿ ನೀರು ಹೊಡೆದು ದಿಮ್ಮಸು ಹಾಕಿದೆವು. ಹಿಂಬದಿ ಚೆನ್ನಾಗಿದ್ದ ಕಲ್ಲುಗಳನ್ನು ಮಗುಚಿ ಹಾಸಿದೆವು. ಮನೆಯಿಂದ ಹೊರಕ್ಕೆ ಆರಡಿಗೆ ಒಂದಿಂಚು ಇಳಿಜಾರು. ಸಂದಿಗೆ ಸುಣ್ಣ, ಉಸುಕಿನ ಗಾರೆ. ದನ ಕಟ್ಟುವ ಜಾಗ ದೂರ ಮಾಡಿದೆ, ಗಂಜಲದ ಉಪ್ಪೂ ಕಲ್ಲಿಗೆ ಕೆಡಕು. ಪಾಚಿ ಕಟ್ಟಿದರೆ ಬರೀ ನೀರು, ತೆಂಗಿನ ನಾರಿನ ಬ್ರಷ್ ಸಾಕು.

ಎಣ್ಣೆ ಎಲ್ಲಿ, ಹೇಗೆ?

ಕಾಳು ಒಣಗಿಸುವ ಅಂಗಳಕ್ಕೆ ಏನೂ ಹಚ್ಚಿಲ್ಲ. ದೀಪದೆಣ್ಣೆ, ಅರಿಶಿನದ ಕಲೆ ಬೀಳುವ ಕಟ್ಟೆಗೆ ಮಾತ್ರ ಅಗಸೆ ಎಣ್ಣೆ. ಮೊದಲು ಕಲ್ಲಿನ ಮೇಲೆ ನೀರು ಹನಿಸಿ ನೋಡಿ. ಹನಿ ಹಾಗೇ ನಿಂತರೆ ಎಣ್ಣೆ ಬೇಕಿಲ್ಲ. ಹೀರಿದರೆ, ಬೇಸಿಗೆಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಟೇಪು ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಬೆವರಿದ್ದರೆ ಇನ್ನೂ ಕಾಯಿರಿ. ಒಣಗಿದ್ದರೆ ಅರಿವೆಯಿಂದ ತೆಳ್ಳಗೆ ಸವರಿ, ಕಾಲು ತಾಸಿನ ಮೇಲೆ ಹೆಚ್ಚಿನದನ್ನು ಒರೆಸಿಬಿಡಿ. ದಪ್ಪ ಹಚ್ಚಿದರೆ ಜಿಗಟಾಗಿ ಧೂಳು ಹಿಡಿಯುತ್ತದೆ. ಬಣ್ಣವೂ ಕಪ್ಪಾಗುತ್ತದೆ, ಮೂಲೆಯಲ್ಲೊಂದು ಕಲ್ಲಿಗೆ ಹಚ್ಚಿ ನೋಡುವುದು ಲೇಸು.

ಒಂದು ಎಚ್ಚರಿಕೆ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಕಣಿಕೆ ಬಣವೆ ಹತ್ತಿರ ಎಸೆಯಬೇಡಿ. ಅಗಸೆ ಎಣ್ಣೆ ಆರುವಾಗ ತಾನೇ ಕಾವೇರಿ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ, ಬಯಲಲ್ಲಿ ಬಿಡಿಸಿ ಹರವಿ.

ಈ ಸಲದ ಮಳೆಗೆ ಅಂಗಳದಲ್ಲಿ ನೀರು ನಿಲ್ಲಲಿಲ್ಲ. ಹೊಳಪಿಲ್ಲ ನಿಜ. ಆದರೆ ಅವ್ವ ಈಗ ಕೋಲಿಲ್ಲದೆ ಅಂಗಳ ದಾಟುತ್ತಾಳೆ.